ಹಾಸಿಗೆಯ ಬಳಿಯ ಎಚ್ಚರಿಕೆಯ ಗಂಟೆ

ಮಲವಗೊಪ್ಪದವರು ಕಾಯಿಲೆಯ ವೇಳೆಯಲ್ಲಿ ಶಿವಮೊಗ್ಗಕ್ಕೋ ಭದ್ರಾವತಿಗೋ ಹೋಗಿ ರೋಗಿಯ ಬಳಿಯಲ್ಲಿ ರಾತ್ರಿ ಕಾಯುವುದುಂಟು. ಮಾನಿಟರಿನ ಗಂಟೆಯು ಪದೇ ಪದೇ ಮೊಳಗಿದರೆ ಅದನ್ನು ನಿಲ್ಲಿಸಿರೆಂದು ಬೇಡುವವರೂ ಉಂಟು. ಆದುದರಿಂದ ಅದರ ಅರ್ಥವನ್ನು ತಾಯಂದಿರೂ, ದಾದಿಯರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರೂ ತಿಳಿದಿರತಕ್ಕದ್ದು.

ಬೆರಳಿಗೆ ತೊಡಿಸುವ ಸಾಧನವು ಕೆಂಪು ಬೆಳಕಿನಿಂದಲೂ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಿಂದಲೂ ರಕ್ತದ ಆಮ್ಲಜನಕವನ್ನು ನೂರಕ್ಕೆ ಇಷ್ಟೆಂದು ಅಳೆಯುತ್ತದೆ. ಜಪಾನಿನ ತಕುವೊ ಅಓಯಾಗಿಯವರು 1974ರಲ್ಲಿ ಈ ಉಪಾಯವನ್ನು ಪ್ರಕಟಪಡಿಸಿದರು. ಆರೋಗ್ಯವಂತರಲ್ಲಿ ಅದು ಸಾಮಾನ್ಯವಾಗಿ 95ಕ್ಕೆ ಕಡಿಮೆಯಿರದು. ವಯಸ್ಕರಿಗೆ ಕೆಳಗಿನ ಎಲ್ಲೆಯನ್ನು ಸಾಧಾರಣವಾಗಿ 90ಕ್ಕೆ ಇಡುವರು. ಯಾಕಂದರೆ ಅಲ್ಲಿಂದ ಕೆಳಗೆ ರಕ್ತದ ಆಮ್ಲಜನಕವು ಬಹು ಬೇಗನೆ ಇಳಿಯುವುದು.

ಆದರೆ ಎಲ್ಲೆಯು ಎಲ್ಲರಿಗೂ ಒಂದೇ ಅಲ್ಲ. ಬಹುಕಾಲದ ಶ್ವಾಸಕೋಶದ ರೋಗವಿರುವ ಅನೇಕರಿಗೆ ವೈದ್ಯರು 88ರಿಂದ 92ರ ಗುರಿಯನ್ನು ಇಡುವರು. ಅವರಿಗೆ 90ರ ಎಲ್ಲೆಯಾದರೆ ಗಂಟೆಯು ವ್ಯರ್ಥವಾಗಿ ಮೊಳಗುವುದು. ತಿಂಗಳು ತುಂಬದೆ ಹುಟ್ಟಿ ಆಮ್ಲಜನಕ ಪಡೆಯುವ ಶಿಶುವಿಗೆ ಮೇಲಿನ ಎಲ್ಲೆಯೂ ಅವಶ್ಯ; ಆಮ್ಲಜನಕವು ಮಿತಿಮೀರಿದರೆ ಕಣ್ಣಿಗೆ ಹಾನಿಯಾಗಬಹುದು.

ಗಂಟೆ ಮೊಳಗಿದಾಗ ಮನೆಯವರು ಕೂಡಲೇ ದಾದಿಯನ್ನು ಕರೆಯಬೇಕು. ದಾದಿಯು ಮೊದಲು ರೋಗಿಯ ಮುಖವನ್ನೂ ಉಸಿರನ್ನೂ ನೋಡಿ, ಬಳಿಕ ಸಾಧನವು ಜಾರಿದೆಯೋ, ಬೆರಳು ತಣ್ಣಗಿದೆಯೋ, ಉಗುರಿಗೆ ಬಣ್ಣವಿದೆಯೋ ಎಂದು ಪರೀಕ್ಷಿಸಬೇಕು. ಶಬ್ದವನ್ನು ಸ್ವಲ್ಪ ಹೊತ್ತು ತಡೆಯುವುದು ಬೇರೆ, ಗಂಟೆಯನ್ನೇ ನಿಲ್ಲಿಸಿಬಿಡುವುದು ಬೇರೆ. ನಿದ್ರೆಗೆ ಅಡ್ಡಿಯೆಂದು ಎಲ್ಲೆಯನ್ನು ಇಳಿಸಕೂಡದು. ವೈದ್ಯರು ಆ ರೋಗಿಗೆ ಹೇಳಿದ ಗುರಿಯಂತೆಯೇ ಇಡಬೇಕು. ಹೊಸ ರೋಗಿ ಬಂದಾಗಲೂ ಪಾಳಿ ಬದಲಾದಾಗಲೂ ಅದನ್ನು ತಪ್ಪದೆ ನೋಡಿರಿ. ಹಿಂದಿನ ರೋಗಿಯ ಎಲ್ಲೆಯೇ ಯಂತ್ರದಲ್ಲಿ ಉಳಿದಿರಬಹುದು.