ಅರಗಿನ ತಟ್ಟೆಗಳಲ್ಲಿ ಉಳಿದ ಕಂಠಗಳು

ಹೈದರಾಬಾದಿನ ಲಾಡ್ ಬಜಾರಿನ ಅರಗಿನ ಬಳೆಗಳು ಜಹೀರಾಬಾದ, ನಾರಾಯಣಖೇಡ, ತಾಂಡೂರು ಭಾಗದ ಮನೆಗಳಿಗೆ ಹೊಸವಲ್ಲ. ಪಾಂಡವರಿಗಾಗಿ ಕಟ್ಟಿಸಿದ ಅರಗಿನ ಮನೆಯ ಕಥೆಯನ್ನು ಶಾಲೆಯ ಮಕ್ಕಳೂ ಬಲ್ಲರು. ಅರ್ಧ ಶತಮಾನದ ಕಾಲ ನಮ್ಮ ದೇಶದ ಸಂಗೀತವು ಮುದ್ರಿತವಾದದ್ದು ಸಹ ಅದೇ ಅರಗಿನ ಮೇಲೆ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಗ್ರಾಮಾಫೋನ್ ತಟ್ಟೆ, ಜನರ ಬಾಯಲ್ಲಿ ‘ಪ್ಲೇಟು’, ಅರಗಿಗೆ ಕಲ್ಲಿನ ಪುಡಿಯನ್ನೂ ಮಸಿಯನ್ನೂ ಬೆರೆಸಿ ಒತ್ತಿದ ವಸ್ತು. ಕೈಜಾರಿದರೆ ಗಾಜಿನಂತೆ ಒಡೆಯುತ್ತದೆ. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಸುತ್ತಿದ್ದುದು ಸುಮಾರು 3 ನಿಮಿಷಗಳ ಹಾಡು ಮಾತ್ರ.

1902ರ ನವೆಂಬರಿನಲ್ಲಿ ಕಲಕತ್ತೆಯಲ್ಲಿ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದಳು. ತಟ್ಟೆಗಳು ಒತ್ತಲ್ಪಡುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ; ಅಲ್ಲಿನವರಿಗೆ ಯಾರ ಹಾಡೆಂದು ತಿಳಿಯಬೇಕಲ್ಲವೆ! ದೇಶದಲ್ಲೇ ಕಾರ್ಖಾನೆ ಬಂದದ್ದು 1908ರಲ್ಲಿ. ಆ ಗಾಯಕಿ ಕೊನೆಯ ದಿನಗಳನ್ನು ಕಳೆದದ್ದು ಮೈಸೂರು ಅರಮನೆಯ ಆಶ್ರಯದಲ್ಲಿ. 1930ರಲ್ಲಿ ಅಲ್ಲಿಯೇ ಕಣ್ಮುಚ್ಚಿದಳು.

ಕನ್ನಡನಾಡಿನ ಕಂಠಗಳೂ ಈ ತಟ್ಟೆಗಳ ಮೂಲಕವೇ ಊರೂರಿಗೆ ಹರಡಿದವು. ಗಂಗೂಬಾಯಿ ಹಾನಗಲ್ಲರ ಮೊದಮೊದಲ ತಟ್ಟೆಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದವು. ಮಲ್ಲಿಕಾರ್ಜುನ ಮನಸೂರರೂ ನಾಯಿ ಗುರುತಿನ ಎಚ್.ಎಂ.ವಿ. ಕಂಪನಿಗೆ ಹಾಡಿದರು. ಆದರೆ ಈ ಚರಿತ್ರೆಯಲ್ಲಿ ಅಂಗಡಿಯ ಪಾತ್ರವನ್ನು ತಿಳಿಯಬೇಕಾದರೆ ಗದಗಿನ ಬಾಲಕ ಭೀಮಸೇನ ಜೋಶಿಯನ್ನು ನೆನೆಯಬೇಕು. ಅಂಗಡಿಯಲ್ಲಿ ನುಡಿಸುತ್ತಿದ್ದ ಅಬ್ದುಲ್ ಕರೀಂ ಖಾನರ ಠುಮರಿಯನ್ನು ಕೇಳಿ, ಹಾಗೆ ಹಾಡಲು ಕಲಿಯಲೇಬೇಕೆಂದು 1933ರಲ್ಲಿ ಹನ್ನೊಂದರ ವಯಸ್ಸಿಗೇ ಆತ ಮನೆ ಬಿಟ್ಟ. ತಟ್ಟೆ ಕೊಳ್ಳಲು ಹಣವಿಲ್ಲದವರಿಗೆ ಅಂಗಡಿಯ ಬಾಗಿಲೇ ಸಂಗೀತಶಾಲೆಯಾಗಿದ್ದ ಕಾಲವದು.

ಈ ಮೂರು ಊರುಗಳ ಸ್ಥಿತಿ ಸ್ವಲ್ಪ ಬೇರೆ. 1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆಯು ಗುಲ್ಬರ್ಗಾ ಜಿಲ್ಲೆಯಿಂದ ತಾಂಡೂರು, ಕೊಡಂಗಲ್ ತಾಲ್ಲೂಕುಗಳನ್ನೂ, ಬೀದರ ಜಿಲ್ಲೆಯಿಂದ ನಾರಾಯಣಖೇಡ ತಾಲ್ಲೂಕನ್ನೂ, ನಿರ್ಣಾ ವೃತ್ತವನ್ನುಳಿದು ಜಹೀರಾಬಾದ ತಾಲ್ಲೂಕನ್ನೂ ಆಂಧ್ರಪ್ರದೇಶಕ್ಕೆ ಸೇರಿಸಿತು. ಭೂಮಿಯ ದಾಖಲೆಗಳು ಹಂಚಿಹೋದವು. ಮನೆಯ ಪೆಟ್ಟಿಗೆಯೊಳಗಿನ ತಟ್ಟೆಗಳನ್ನು ಯಾವ ಕಾಯಿದೆಯೂ ಹಂಚಲಿಲ್ಲ. ಉರ್ದು ಕವ್ವಾಲಿ, ತೆಲುಗು ಸಿನಿಮಾ ಹಾಡು, ಮರಾಠಿ ನಾಟ್ಯಗೀತೆ, ಕನ್ನಡ ನಾಟಕದ ಪದ ಒಂದೇ ಪೆಟ್ಟಿಗೆಯಲ್ಲಿ ದೊರೆತರೆ ಈ ಸೀಮೆಯಲ್ಲಿ ಆಶ್ಚರ್ಯಪಡಬೇಕಿಲ್ಲ.

1948ರಲ್ಲಿ ಅಮೆರಿಕದಲ್ಲಿ ಬಂದ, ವಿನೈಲಿನ ಎಲ್.ಪಿ. ತಟ್ಟೆಯು ಅರಗನ್ನು ಹಿಂದಿಕ್ಕಿತು. ಕ್ಯಾಸೆಟ್ಟು ಅದನ್ನೂ ಹಿಂದಿಕ್ಕಿತು. ನಿಸಾರ್ ಅಹಮದರ ‘ನಿತ್ಯೋತ್ಸವ’ 1978ರಲ್ಲಿ ಕನ್ನಡಿಗರ ಮನೆಗೆ ಬಂದದ್ದು ಕ್ಯಾಸೆಟ್ಟಾಗಿ. ಈಗ ಮಹಾನಗರಗಳಲ್ಲಿ ವಿನೈಲ್ ಮತ್ತೆ ಮಾರಾಟವಾಗುತ್ತಿದೆ, ಸಂಗ್ರಾಹಕರೂ ಹೆಚ್ಚುತ್ತಿದ್ದಾರೆ. ಆದರೆ ಗುಜರಿಯವನ ತಕ್ಕಡಿಗೆ ಬಿದ್ದ ಕನ್ನಡ ತಟ್ಟೆಯಲ್ಲಿ ಯಾವ ನಾಟಕ, ಯಾವ ಪದ ಇದೆಯೆಂದು ಗುರುತಿಸಲು ಭಾಷೆ ಬಲ್ಲವರೇ ಬೇಕು. ಹಳೆಯ ಲೇಬಲ್ಲಿನ ಮೇಲೆ ಇಂಗ್ಲಿಷಿನಲ್ಲಿ ‘ಕ್ಯಾನರೀಸ್’ ಎಂದಿದ್ದರೆ ಅದು ಕನ್ನಡವೆಂದೇ ಅರ್ಥ. ಕನ್ನಡ ಶಾಲೆಯ ಮಕ್ಕಳು ಅಜ್ಜ ಅಜ್ಜಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ತಟ್ಟೆಯ ಸಂಖ್ಯೆ, ಹಾಡಿದವರ ಹೆಸರು, ಹಾಡಿನ ಮೊದಲ ಸಾಲನ್ನು ಒಂದು ವಹಿಯಲ್ಲಿ ಬರೆದಿಟ್ಟರೆ, ಪೇಟೆಯ ಯಾವ ವ್ಯಾಪಾರಿಯೂ ಮಾಡಲಾರದ ಕೆಲಸ ಆದಂತೆ.

ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿಡಬೇಕು. ಬಿಸಿಲು ತಾಗಿದರೆ ವಿನೈಲ್ ಸೊಟ್ಟಗಾಗುತ್ತದೆ. ಅರಗಿನ ತಟ್ಟೆಯನ್ನು ಸ್ಪಿರಿಟ್ಟಿನಿಂದ ಒರೆಸಲೇಬಾರದು. ಸ್ಪಿರಿಟ್ಟಿನಲ್ಲಿ ಅರಗು ಕರಗುತ್ತದೆ. ತುಸುವೇ ಒದ್ದೆ ಮಾಡಿದ ಮೆತ್ತನೆಯ ಬಟ್ಟೆ ಸಾಕು. ಎಲ್.ಪಿ.ಯ ಸಣ್ಣ ಮುಳ್ಳು 78ರ ಅಗಲ ಗೆರೆಗೆ ಹೊಂದದು. ಹಳೆಯ ಯಂತ್ರದ ಉಕ್ಕಿನ ಮುಳ್ಳನ್ನಾದರೋ ಪ್ರತಿ ಮಗ್ಗುಲಿಗೂ ಬದಲಿಸಬೇಕು.

ಹಾಡನ್ನು ಮೊಬೈಲಿಗೆ ಇಳಿಸಿಕೊಳ್ಳಬಹುದೆ ಎಂಬ ಪ್ರಶ್ನೆ ಉಳಿಯುತ್ತದೆ. 1957ರ ಕೃತಿಸ್ವಾಮ್ಯ ಅಧಿನಿಯಮದಂತೆ ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ಮರುವರ್ಷದ ಆರಂಭದಿಂದ 60 ವರ್ಷ. 1950ರಲ್ಲಿ ಪ್ರಕಟವಾದ ತಟ್ಟೆಯ ಮುದ್ರಣದ ಹಕ್ಕು 2010ರ ಕೊನೆಗೆ ತೀರಿದೆ. ಹಾಡು ಬರೆದವರ ಹಕ್ಕು ಪ್ರತ್ಯೇಕ. ಅದು ಅವರ ಮರಣಾನಂತರವೂ 60 ವರ್ಷ ನಡೆಯುತ್ತದೆ. ಸ್ವಂತ ಬಳಕೆಗೆ ನ್ಯಾಯಸಮ್ಮತವಾಗಿ ಮಾಡಿಕೊಂಡ ಪ್ರತಿಗೆ 52ನೆಯ ಕಲಮಿನ ರಕ್ಷಣೆಯುಂಟು. ಅದನ್ನೇ ಅಂತರ್ಜಾಲಕ್ಕೆ ಏರಿಸುವ ಮೊದಲು ಆ ಎರಡನೆಯ ಲೆಕ್ಕವನ್ನೂ ಹಾಕಿ ನೋಡಬೇಕು.