ಗಂಟಲು ಕಟ್ಟಿದ ಹಾರ್ನು

ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಲು 14 ಹೇರ್‌ಪಿನ್ ತಿರುವು. ಮಳೆಗಾಲದಲ್ಲಿ ಮಂಜು ಕವಿದರೆ ಮುಂದಿನ ತಿರುವಿನಲ್ಲಿ ಬಸ್ಸಿದೆಯೋ ದನವಿದೆಯೋ ತಿಳಿಯುವುದಿಲ್ಲ. ಅಲ್ಲಿ ಹಾರ್ನೇ ಕಣ್ಣು. ಅಂಥ ಕಡೆಯೇ ನಮ್ಮ ಹಳೆಯ ಮಾರುತಿ 800 ಕೈಕೊಟ್ಟಿತು. ನಾಲ್ಕನೆಯ ತಿರುವಿನಲ್ಲಿ ನೆಗಡಿ ಹಿಡಿದ ಮೇಕೆಯ ಹಾಗೆ ಒಮ್ಮೆ ಒರಲಿದ ಹಾರ್ನು, ಐದನೆಯದರಲ್ಲಿ ಬರೀ ‘ಟಕ್’ ಎಂದು ಸುಮ್ಮನಾಯಿತು. ಉಳಿದ ಒಂಬತ್ತನ್ನು ಹೆಡ್‌ಲೈಟ್ ಮಿನುಗಿಸುತ್ತ, ಕಿಟಕಿಯಿಂದ ತಲೆ ಹೊರಹಾಕುತ್ತ ದಾಟಿದ್ದಾಯಿತು.

ತೀರ್ಥಹಳ್ಳಿಯಲ್ಲಿ ಸಿಕ್ಕ ಎಲೆಕ್ಟ್ರಿಷಿಯನ್ ಬಾನೆಟ್ ಎತ್ತುವ ಮೊದಲೇ ಕೇಳಿದರು: “ಒತ್ತಿದ್ರೆ ಟಕ್ ಅಂತದಾ?” ಹೌದು ಎಂದೆ. “ಹಂಗಾದ್ರೆ ಜೀವ ಇದೆ ಬಿಡಿ.”

ಆ ‘ಟಕ್’ನಲ್ಲೇ ಹಾರ್ನಿನ ಗುಟ್ಟೆಲ್ಲ ಇದೆ. ಡಿಸ್ಕ್ ಹಾರ್ನಿನ ಒಳಗೆ ತಾಮ್ರದ ಸುರುಳಿ, ಅದರೆದುರು ತೆಳುವಾದ ಉಕ್ಕಿನ ತಗಡು, ಅಂದರೆ ಡಯಾಫ್ರಮ್. ಗುಂಡಿ ಒತ್ತಿದಾಗ ಸುರುಳಿ ಆಯಸ್ಕಾಂತವಾಗಿ ತಗಡನ್ನು ಎಳೆಯುತ್ತದೆ. ತಗಡಿನ ನಡುವೆ ಒಂದು ಕಬ್ಬಿಣದ ತುಂಡಿದೆ. ಅದು ಒಳಗೆ ಬರುತ್ತ ಬರುತ್ತ ಒಂದು ಜೋಡಿ ಪಾಯಿಂಟನ್ನು ದೂಡಿ ಬಿಡಿಸುತ್ತದೆ. ಸುರುಳಿಗೆ ಕರೆಂಟು ಹೋಗುವುದು ಅದೇ ಪಾಯಿಂಟಿನ ಮೂಲಕ! ಅಂದರೆ ತನ್ನನ್ನು ಎಳೆದ ಕೈಯನ್ನು ತಗಡು ತಾನೇ ಬಿಡಿಸಿಕೊಂಡ ಹಾಗೆ. ಎಳೆತ ಹೋದ ತಗಡು ಹಿಂದಕ್ಕೆ ಚಿಮ್ಮುತ್ತದೆ, ಪಾಯಿಂಟು ಮತ್ತೆ ಕೂಡುತ್ತದೆ, ಮತ್ತೆ ಎಳೆತ. ಶಾಲೆಯ ಪ್ರಯೋಗಾಲಯದಲ್ಲಿ ನೋಡಿದ ವಿದ್ಯುತ್ ಗಂಟೆಯದೂ ಇದೇ ಆಟ, ಆದರೆ ಇಲ್ಲಿ ಸೆಕೆಂಡಿಗೆ ಸುಮಾರು 400 ಸಲ. ಪಾಯಿಂಟು ಬಿಡದೇ ಇದ್ದರೆ ತಗಡು ಒಮ್ಮೆ ಒಳಗೆ ಹೋಗಿ ಅಲ್ಲೇ ಕೂರುತ್ತದೆ. ಬಂದ ಕರೆಂಟು ಸಾಲದೆ ತಗಡು ಅರ್ಧಕ್ಕೇ ನಿಂತರೂ ಅಷ್ಟೇ. ಎರಡೂ ಕಡೆ ಕಿವಿಗೆ ಬೀಳುವುದು ಒಂದೇ ಒಂದು ಟಕ್.

ತಗಡಿನ ಜೊತೆಗೇ ಹೊರಗಡೆ ಇನ್ನೊಂದು ಬಿಲ್ಲೆ ಕಂಪಿಸುತ್ತದೆ. ಅದರ ಕಂಪನ ಸೆಕೆಂಡಿಗೆ 2,000ಕ್ಕೂ ಮೇಲೆ. ಎಂಜಿನ್ ಗುಡುಗಿನ ನಡುವೆ ಹಾರ್ನು ಚುಚ್ಚಿದ ಹಾಗೆ ಕೇಳುವುದು ಈ ಮೇಲುಸ್ವರದಿಂದ. ನಮ್ಮ ಕಿವಿ ಚುರುಕಾಗಿರುವುದೂ ಆ ಆಸುಪಾಸಿನಲ್ಲೇ.

ಹೀಗೆ ತಗಡು ಕುಣಿಸುವ ಹಾರ್ನಿಗೆ ಹೆಸರು ತಂದುಕೊಟ್ಟವನು ಅಮೆರಿಕದ ಮಿಲ್ಲರ್ ರೀಸ್ ಹಚಿಸನ್. ಅವನ ‘ಕ್ಲಾಕ್ಸನ್’ ಮಾರುಕಟ್ಟೆಗೆ ಬಂದದ್ದು 1908ರಲ್ಲಿ. ಅದರಲ್ಲಿ ಆಯಸ್ಕಾಂತ ತಗಡನ್ನು ಎಳೆಯುತ್ತಿರಲಿಲ್ಲ. ಹಲ್ಲಿನ ಚಕ್ರವೊಂದು ತಿರುಗುತ್ತ ತಗಡನ್ನು ಕೆರೆಯುತ್ತಿತ್ತು. ಅದಕ್ಕೂ ಮೊದಲು ಕಿವುಡರಿಗಾಗಿ ವಿದ್ಯುತ್ ಶ್ರವಣ ಸಾಧನ ಮಾಡಿ ಹೆಸರಾಗಿದ್ದವನೂ ಇವನೇ. ಮೊದಲು ಹಾರ್ನಿನಿಂದ ಜನರನ್ನು ಕಿವುಡು ಮಾಡಿ, ಆಮೇಲೆ ಯಂತ್ರ ಮಾರುತ್ತಾನೆ ಎಂಬ ತಮಾಷೆ ಆಗಲೇ ಹುಟ್ಟಿಕೊಂಡಿತ್ತು. ನಮ್ಮ ಸಿಗ್ನಲ್‌ಗಳಲ್ಲಿ ನಿಂತಾಗ ಅದು ಬರೀ ತಮಾಷೆ ಅನ್ನಿಸುವುದಿಲ್ಲ.

ತೀರ್ಥಹಳ್ಳಿಗೆ ಬರೋಣ. ದಾರಿಯಲ್ಲೇ ನಾನು ಹಾರ್ನಿನ ಪ್ಲಗ್ ಕಿತ್ತು ಮೀಟರ್ ಹಿಡಿದು ನೋಡಿದ್ದೆ. “12 ವೋಲ್ಟ್ ಬರ್ತಿದೆ, ವೈರಿಂಗ್ ಸರಿಯಿದೆ” ಎಂದು ಪಾಂಡಿತ್ಯ ಮೆರೆದೆ. ಅವರು ಮಾತಾಡದೆ ಎರಡು ತಂತಿ ಬೆಸೆದ ಹಳೆಯ ಇಂಡಿಕೇಟರ್ ಬಲ್ಬೊಂದನ್ನು ಅದೇ ಪ್ಲಗ್ಗಿಗೂ ಬಾಡಿಗೂ ಹಿಡಿದರು. ಬಲ್ಬು ಮಂಕಾಗಿ ಉರಿಯಿತು. ಮೀಟರ್ ಸುಳ್ಳು ಹೇಳಿರಲಿಲ್ಲ. ನಾನು ಕೇಳಿದ ಪ್ರಶ್ನೆ ತಪ್ಪಾಗಿತ್ತು. ಮೀಟರ್ ಎಳೆಯುವ ಕರೆಂಟು ಲೆಕ್ಕಕ್ಕಿಲ್ಲದಷ್ಟು ಕಡಿಮೆ, ಹಾರ್ನಿಗೆ ಬೇಕಾದದ್ದು ನಾಲ್ಕೈದು ಆಂಪಿಯರ್. ಮೂರು ಆಂಪಿಯರ್ ಹರಿಯುವಾಗ ದಾರಿಯಲ್ಲಿ ಒಂದೇ ಒಂದು ಓಮ್ ತುಕ್ಕು ಅಡ್ಡ ನಿಂತರೂ ಮೂರು ವೋಲ್ಟ್ ಅಲ್ಲೇ ಸೋರಿಹೋಗುತ್ತದೆ. ನೋಡಿದರೆ ಪ್ಲಗ್ಗಿನ ಚಪ್ಪಟೆ ಟರ್ಮಿನಲ್ ಮೇಲೆ ಹಸಿರು ಕಿಲುಬು, ಅಡುಗೆಮನೆಯ ಹಳೇ ತಾಮ್ರದ ಚೊಂಬಿನ ಹಾಗೆ. ಗ್ರಿಲ್ಲಿನ ಹಿಂದೆಯೇ ಕೂರುವ ಹಾರ್ನಿಗೆ ಮಳೆ, ಕೆಸರು ಎಲ್ಲದರದ್ದೂ ಮೊದಲ ಪಾಲು.

ಎಮರಿ ಪೇಪರಿನಲ್ಲಿ ಉಜ್ಜಿದ ಮೇಲೆ ಹಾರ್ನು ಕೂಗಿತು, ಆದರೆ ಗೊಗ್ಗರು ದನಿ. ಒಳಗಿನ ಪಾಯಿಂಟು ಕಿಡಿಗೆ ಸವೆಯುತ್ತಾ ಬಂದು ಸಂದು ಬದಲಾಗಿತ್ತು. ಹಿಂಬದಿಯಲ್ಲಿ ಬಣ್ಣ ಹಚ್ಚಿ ಮುಚ್ಚಿದ ಚಿಕ್ಕ ಸ್ಕ್ರೂ ಒಂದಿರುತ್ತದೆ. ಪಾಯಿಂಟು ಯಾವಾಗ ಬಿಡಬೇಕೆಂದು ತೀರ್ಮಾನಿಸುವುದು ಅದು. ಅವರು ಅದನ್ನು ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ, ಗುಂಡಿ ಒತ್ತಿಸಿ, ತಲೆ ಓರೆ ಮಾಡಿ ಕೇಳಿ, ಮತ್ತಿಷ್ಟು ತಿರುಗಿಸಿದರು. ತಂಬೂರಿ ಶ್ರುತಿ ಮಾಡುವವರ ಮುಖದಲ್ಲಿ ನೋಡಿದ್ದ ಕಳೆ ಅದು. ನೀವೇ ಮಾಡುವುದಾದರೆ ಒಂದೊಂದು ಸಲಕ್ಕೂ ಗುಂಡಿಯನ್ನು ಅರೆಕ್ಷಣ ಮಾತ್ರ ಒತ್ತಿ. ಪಾಯಿಂಟು ಅಂಟಿಕೊಂಡಿದ್ದರೆ ಸುರುಳಿ ಬಿಸಿಯಾಗಿ ಸುಟ್ಟೇಹೋಗುತ್ತದೆ. ಬಿಲ್ಲೆಯ ನಡುವಿನ ನಟ್ಟಿಗೆ ಮಾತ್ರ ಕೈ ಹಾಕಬೇಡಿ.

ಟಕ್ ಕೂಡ ಬಾರದಿದ್ದರೆ ಮೊದಲು ಫ್ಯೂಸ್, ಆಮೇಲೆ ಸ್ಟಿಯರಿಂಗ್. ಎಷ್ಟೋ ಹಳೆಯ ಕಾರುಗಳಲ್ಲಿ ಹಾರ್ನಿಗೆ ಬ್ಯಾಟರಿಯ ಕರೆಂಟು ಸದಾ ಬಂದು ನಿಂತಿರುತ್ತದೆ. ಗುಂಡಿ ಮಾಡುವುದು ಅರ್ಥ್ ಕೊಡುವ ಕೆಲಸವಷ್ಟೇ. ತಿರುಗುವ ಚಕ್ರದಿಂದ ಆ ಅರ್ಥ್ ಇಳಿಯುವುದು ಹಿತ್ತಾಳೆ ಉಂಗುರಕ್ಕೆ ಉಜ್ಜುವ ಪುಟ್ಟ ಪಿನ್ನಿನಿಂದ. ಪಿನ್ ಸವೆದರೆ ಮೌನ. ಗುಂಡಿಯ ಕಡೆಯ ತಂತಿ ಸುಲಿದು ಬಾಡಿಗೆ ತಾಗಿದರೆ ನಡುರಾತ್ರಿ ಅಖಂಡ ಭಜನೆ. ಆಗ ಫ್ಯೂಸ್ ಕೀಳುವುದೊಂದೇ ದಾರಿ. (ಏರ್‌ಬ್ಯಾಗ್ ಇರುವ ಸ್ಟಿಯರಿಂಗನ್ನು ಮನೆಯಲ್ಲಿ ಬಿಚ್ಚುವ ಸಾಹಸ ಬೇಡ.)

ಸುರುಳಿ ಸುಟ್ಟಿದ್ದರೆ, ತಗಡು ತುಕ್ಕು ತಿಂದಿದ್ದರೆ ಹೊಸದೇ ಗತಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಜೋಡಿ ಹಾರ್ನು ಕೇಳಿದರೆ ಸಾಮಾನ್ಯವಾಗಿ ಒಂದು ಸುಮಾರು 340 ಹರ್ಟ್ಸ್, ಇನ್ನೊಂದು 420ರ ಆಸುಪಾಸಿನದು ಸಿಗುತ್ತದೆ. ಷಡ್ಜಕ್ಕೆ ಹತ್ತಿರಹತ್ತಿರ ಅಂತರ ಗಾಂಧಾರ. ಆದರೆ ಒಂದು ಹಾರ್ನಿಗೆಂದು ಮಾಡಿದ ಗುಂಡಿ ಜೋಡಿಯ ಕರೆಂಟನ್ನು ಹೊತ್ತರೆ ಬೇಗ ಸುಡುತ್ತದೆ, ಆದ್ದರಿಂದ ರಿಲೇ ಹಾಕಿಸಲೇಬೇಕು. ಶಂಖದಾಕಾರದ ಹಾರ್ನಾದರೆ ಬಾಯಿ ಕೆಳಮುಖವಾಗಿರಲಿ, ಇಲ್ಲದಿದ್ದರೆ ಮಳೆನೀರು ಒಳಗೇ ನಿಲ್ಲುತ್ತದೆ. ಹಾರ್ನನ್ನು ನೇತುಹಾಕುವ ಪಟ್ಟಿ ತುಸು ಬಳುಕುವಂತಿರುವುದು ಬೇಕೆಂದೇ. ಗಟ್ಟಿಯಾಗಲೆಂದು ಬಾಡಿಗೆ ಒತ್ತಿ ಕೂರಿಸಿದರೆ ದನಿ ಸಾಯುತ್ತದೆ. ಹಲವು ರಾಗ ಹಾಡುವ ಹಾರ್ನಿನ ಆಸೆ ಬಿಡಿ, 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಅದಕ್ಕೆ ನಿಷೇಧವಿದೆ.

ನಮ್ಮ ಕಾರಿನಲ್ಲಿ ಈಗಲೂ ಅದೇ ಹಾರ್ನು. ಪ್ರತಿ ಮೇ ತಿಂಗಳು ಟರ್ಮಿನಲ್ ಉಜ್ಜಿ ಒಂದಿಷ್ಟು ಪೆಟ್ರೋಲಿಯಂ ಜೆಲ್ಲಿ ಸವರುತ್ತೇನೆ. ನೀವೂ ಘಾಟಿಗೆ ಹೊರಡುವ ಮುನ್ನಾದಿನ ಅಂಗಳದಲ್ಲೇ ಒಮ್ಮೆ ಒತ್ತಿ ನೋಡಿ. ರಾತ್ರಿ ಹತ್ತರೊಳಗೆ ನೋಡಿ, ಆಮೇಲೆ ಬೆಳಿಗ್ಗೆ ಆರರವರೆಗೆ ವಸತಿ ಪ್ರದೇಶದಲ್ಲಿ ಹಾರ್ನು ಮಾಡುವಂತಿಲ್ಲ.