ಫೋಟೊ ಇಲ್ಲದ ನೌಕರಿ

ಆಂಟಾಪ್ ಹಿಲ್‌ನ ಸರ್ಕಾರಿ ವಸತಿಗೃಹಗಳ ಸುತ್ತ ವಿಚಾರಿಸಿದರೆ ನೌಕಾಪಡೆಯ ಡಾಕ್‌ಯಾರ್ಡ್‌ನಿಂದ ನಿವೃತ್ತರಾದ ಒಬ್ಬಿಬ್ಬರಾದರೂ ಸಿಗುತ್ತಾರೆ. ಅವರು ದುಡಿದ ಜಾಗದ ಒಂದು ಫೋಟೊ ಮಾತ್ರ ಸಿಗುವುದಿಲ್ಲ. ಅದು ನಿಷೇಧಿತ ಪ್ರದೇಶ, ಕ್ಯಾಮೆರಾ ಒಯ್ಯುವಂತಿಲ್ಲ. ಮೂವತ್ತು ವರ್ಷ ವೆಲ್ಡಿಂಗ್ ಮಾಡಿದವರಿಗೂ ತಾವು ರಿಪೇರಿ ಮಾಡಿದ ಹಡಗಿನ ಪಕ್ಕ ನಿಂತ ಚಿತ್ರವಿಲ್ಲ. ಕಚೇರಿಯ ಕಾಫಿ ಮಗ್ಗಿನ ಚಿತ್ರವನ್ನೂ ಬಿಡದೆ ಹಾಕುವ ನಮ್ಮಂಥ ಸಾಫ್ಟ್‌ವೇರ್ ಜನಕ್ಕೆ ಇದು ಬೇಗ ಅರ್ಥವಾಗದು.

ಆದ್ದರಿಂದಲೇ ಈ ನೆನಪುಗಳನ್ನು ಇಲ್ಲಿನ ಜನರೇ ಕೂಡಿ ಪ್ರದರ್ಶನಕ್ಕಿಡಬೇಕು ಎನ್ನುತ್ತೇನೆ. ಗಣೇಶೋತ್ಸವದ ಮಂಟಪದ ಪಕ್ಕ ನಾಲ್ಕು ಮೇಜು ಸಾಕು.

ಡಾಕ್‌ಯಾರ್ಡ್‌ನ ದೊಡ್ಡ ಇತಿಹಾಸಕ್ಕೆ ಕೊರತೆಯಿಲ್ಲ. ಸೂರತ್‌ನ ಪಾರ್ಸಿ ಬಡಗಿ ಲೌಜಿ ನಸರ್‌ವಾನ್‌ಜಿ ವಾಡಿಯಾ ಈಸ್ಟ್ ಇಂಡಿಯಾ ಕಂಪನಿಗಾಗಿ ಮುಂಬೈಗೆ ಬಂದದ್ದು 1736ರಲ್ಲಿ. 1750ರಲ್ಲಿ ಬಾಂಬೆ ಡಾಕ್ ಎಂಬ ಒಣಗೋದಿ ಸಿದ್ಧವಾಯಿತು: ಹಡಗನ್ನು ಒಳಕ್ಕೆ ತಂದು, ಗೇಟು ಮುಚ್ಚಿ, ನೀರು ಖಾಲಿ ಮಾಡಿ ತಳ ದುರಸ್ತಿ ಮಾಡುವ ವ್ಯವಸ್ಥೆ. ವಾಡಿಯಾಗಳ ಹಡಗುಗಳಿಗೆ ಮಲಬಾರ್, ಕೆನರಾ ಕಾಡುಗಳ ತೇಗ ಬರುತ್ತಿತ್ತು. ನಮ್ಮವರಿಗಿಂತ ಮೊದಲು ನಮ್ಮ ಮರಗಳೇ ಮುಂಬೈಗೆ ವಲಸೆ ಬಂದಿದ್ದವು ಅನ್ನಿ! 1817ರಲ್ಲಿ ಇಲ್ಲಿ ನೀರಿಗಿಳಿದ ತೇಗದ ಟ್ರಿಂಕಾಮಲೀ ಇವತ್ತಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿದೆ. ಟಿಕೆಟ್ ಕೊಂಡು ಹತ್ತಿ ನೋಡಬಹುದು.

ಇಲ್ಲಿ ವಿಕ್ರಾಂತ್ ಹಡಗು 2001ರಿಂದ 2012ರವರೆಗೆ ವಸ್ತುಸಂಗ್ರಹಾಲಯವಾಗಿತ್ತು. ಆಮೇಲೆ ಅದೂ ಗುಜರಿ ಸೇರಿತು. ಅದರ ಲೋಹದಿಂದ ಮಾಡಿದ ಸ್ಮಾರಕ 2016ರಿಂದ ಲಯನ್ ಗೇಟ್ ಬಳಿ ಇದೆ. ಹಡಗಿಗಾದರೂ ಒಂದು ಗುರುತು ಉಳಿಯಿತು. ಅದನ್ನು ರಿಪೇರಿ ಮಾಡಿದವರಿಗೆ?

ಊರಲ್ಲೂ ಇದೇ ಕಥೆ. ಕಾರವಾರದ ಕಡಲತೀರದಲ್ಲಿ ಚಪಲ್ ಯುದ್ಧನೌಕೆಯನ್ನು ಸಂಗ್ರಹಾಲಯವಾಗಿ ನಿಲ್ಲಿಸಿದ್ದಾರೆ, ಮಕ್ಕಳು ಖುಷಿಯಿಂದ ಹತ್ತುತ್ತಾರೆ. ಸೀಬರ್ಡ್ ಯೋಜನೆಗೆ ಮನೆ, ಗದ್ದೆ, ದೋಣಿ ಎಳೆಯುವ ದಂಡೆ ಬಿಟ್ಟುಕೊಟ್ಟ ಕಾರವಾರ–ಅಂಕೋಲೆಯ ಹಳ್ಳಿಗರ ನೆನಪಿಗೂ ಅಷ್ಟೇ ದೊಡ್ಡ ಜಾಗ ಬೇಕಿತ್ತು. ಕದಂಬ ಎಂಬ ಹೆಸರು ನೌಕಾನೆಲೆಗೆ ಬಂದದ್ದು ಹೆಮ್ಮೆ, ನಿಜ. ಆದರೆ ಹೆಸರು ಒಂದು, ಮನೆ ಇನ್ನೊಂದು.

ಮೇಜಿನ ಮೇಲೆ ಏನಿಡುವುದು? ಮಾಸಿದ ಬಾಯ್ಲರ್ ಸೂಟು, ಸವೆದ ಸ್ಪ್ಯಾನರ್, ನಿವೃತ್ತಿಯ ದಿನ ಕೊಟ್ಟ ಗಡಿಯಾರ, ಊಟದ ಡಬ್ಬಿ. ಗೇಟ್ ಪಾಸು, ನಕ್ಷೆ ಬೇಡವೇ ಬೇಡ. ಭದ್ರತೆಯ ವಿಷಯದಲ್ಲಿ ಹುಡುಗಾಟ ಸಲ್ಲದು. ಉಳಿದದ್ದು ಮಾತು. ಅದಕ್ಕೆ ಮೊಬೈಲ್ ರೆಕಾರ್ಡರ್ ಇದೆ, ಕೇಳಲು ಒಂದು ಇಯರ್‌ಫೋನ್ ಸಾಕು.

ಹಡಗಿನ ಗುಟ್ಟು ಕೇಳಬಾರದು. ರೈಲಿನ ಬಗ್ಗೆ ಕೇಳಬೇಕು. ಹಾರ್ಬರ್ ಲೈನಿನ ಡಾಕ್‌ಯಾರ್ಡ್ ರೋಡ್‌ನಲ್ಲಿ ಇಳಿದರೆ ಸಿಗುವುದು ಮಝಗಾಂವ್ ಡಾಕ್. ನೌಕಾಪಡೆಯ ಡಾಕ್‌ಯಾರ್ಡ್‌ಗೆ ಸಿಎಸ್‌ಎಂಟಿವರೆಗೆ ಹೋಗಿ ಲಯನ್ ಗೇಟಿನತ್ತ ನಡೆಯಬೇಕು. ಹೊಸಬರು ಮೊದಲ ದಿನ ಎಲ್ಲಿ ಇಳಿದರು, ಎಷ್ಟು ತಡವಾಯಿತು, ಮೇಲಿನವರು ಏನಂದರು? ಅಷ್ಟು ಕೇಳಿ ಸುಮ್ಮನಿರಿ, ಉಳಿದದ್ದನ್ನು ಅವರೇ ಹೇಳುತ್ತಾರೆ.